ಸುರತ್ಕಲ್‌ಗೊಬ್ಬಳು ಅದಿತಿ ಯಾಕಿಲ್ಲ?

ಸುರತ್ಕಲ್‌ನಲ್ಲಿ ಸಂಜೆಯಾದರೆ ಕ್ರಿಕೆಟ್, ವಾಲಿಬಾಲ್, ಕಬಡ್ಡಿ ಆಡುವ ಮಕ್ಕಳಿಗೆ ಬರವಿಲ್ಲ. ಗಾಲ್ಫ್ ಆಡುವ ಹುಡುಗಿ ಮಾತ್ರ ಹುಡುಕಿದರೂ ಸಿಗುವುದು ಕಷ್ಟ. ಯಾಕೆಂದು ಕೇಳಿದರೆ ಸಿದ್ಧ ಉತ್ತರವಿದೆ: ಅದು ದುಡ್ಡಿದ್ದವರ ಆಟ. ಮಾತು ಸುಳ್ಳಲ್ಲ, ಆದರೆ ಅರ್ಧ ಸತ್ಯ. ನಮ್ಮೂರಿನ ದುಡ್ಡಿದ್ದವರ ಮಕ್ಕಳಾದರೂ ಎಲ್ಲಿ ಆಡುತ್ತಾರೆ?

ಬೆಂಗಳೂರಿನ ಅದಿತಿ ಅಶೋಕ್ ಹುಟ್ಟಿದ್ದು 1998ರಲ್ಲಿ. ಮನೆಯಲ್ಲಿ ಗಾಲ್ಫ್ ಗೊತ್ತಿದ್ದವರು ಯಾರೂ ಇರಲಿಲ್ಲ. ಐದರ ವಯಸ್ಸಿನಲ್ಲಿ ಅಪ್ಪ ಅಮ್ಮನೊಂದಿಗೆ ತಿಂಡಿಗೆ ಹೋಗುತ್ತಿದ್ದ ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಸಂಸ್ಥೆಯ ಅಂಗಳ ಕಾಣುತ್ತಿತ್ತು. ಅಲ್ಲಿನ ಆಟ ನೋಡಿ ಕುತೂಹಲ ಹುಟ್ಟಿತು, ಹೋಗಿ ಕೋಲು ಹಿಡಿದಳು. ಆ ಹೋಟೆಲು ಬೇರೆ ಬೀದಿಯಲ್ಲಿದ್ದಿದ್ದರೆ? ಪ್ರತಿಭೆ ದೇವರ ಕೊಡುಗೆ ಎನ್ನುವವರು ಈ ಪ್ರಶ್ನೆಗೆ ಉತ್ತರ ಕೊಡಬೇಕು. ನನ್ನ ಮಟ್ಟಿಗೆ, ಆಟ ಕಣ್ಣಿಗೆ ಬೀಳುವುದೇ ಮೊದಲ ಭಾಗ್ಯ.

ಎರಡನೆಯದು ಹೆತ್ತವರ ಬೆವರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಹದಿನೆಂಟರ ಅದಿತಿಯ ಚೀಲ ಹೊತ್ತವರು ಅಪ್ಪ, ಟೋಕಿಯೊದಲ್ಲಿ ಅಮ್ಮ. ಇಷ್ಟು ಬಿಡುವು ಎಲ್ಲರ ಮನೆಯಲ್ಲೂ ಇರದು, ಒಪ್ಪುತ್ತೇನೆ.

ಟೋಕಿಯೊಗೆ ಹೋದಾಗ ಆಕೆಯದು ವಿಶ್ವದಲ್ಲಿ 200ನೇ ಸ್ಥಾನ. ಉಳಿದವರಷ್ಟು ದೂರ ಚೆಂಡು ಹೊಡೆಯುವ ಬಲವಿರಲಿಲ್ಲ. ಆ ಕೊರತೆಯನ್ನು ಹುಲ್ಲಿನ ಮೇಲೆ ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಬೀಳಿಸುವ ಪಟಿಂಗ್‌ನಲ್ಲಿ ತುಂಬಿಕೊಂಡರು. ನಾಲ್ಕು ದಿನದ ಹೊಡೆತಗಳ ಲೆಕ್ಕ 67, 66, 68, 68. ಪದಕದ ಆಸೆ ಉಳಿಯಲು ಕೊನೆಯ ಕುಳಿಯಲ್ಲಿ ಒಂದೇ ಹೊಡೆತ ಕಡಿಮೆಯಾಗಬೇಕಿತ್ತು, ಚೆಂಡು ಬೀಳಲಿಲ್ಲ. ಅದಿತಿ ನಾಲ್ಕನೆಯವರಾದರು. ಅಂದು ಆಗಸ್ಟ್ 7, 2021. ಬೆಳಗ್ಗೆ ಟೀವಿಯ ಮುಂದೆ ಕೂತು ಬರ್ಡಿ, ಪಾರ್ ಎಂದರೇನೆಂದು ಕಲಿತ ನಮ್ಮ ಜನ, ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದೊಡನೆ ಎಲ್ಲವನ್ನೂ ಮರೆತರು. ಟೀವಿ ಅಭಿಮಾನಿಗಳನ್ನು ಕೊಡಬಹುದು. ಆಟಗಾರರನ್ನು ಕೊಡುವುದು ಅಂಗಳವೇ.

ಹಾಗೆಂದು ಸುರತ್ಕಲ್‌ಗೆ ಗಾಲ್ಫ್ ಅಂಗಳ ಬೇಕೆಂದು ನಾನು ಕೇಳುವುದಿಲ್ಲ. ಎಕರೆಗಟ್ಟಲೆ ಹುಲ್ಲಿಗೆ ಬೇಸಿಗೆಯಲ್ಲಿ ನೀರು ಎಲ್ಲಿಂದ? ಬಂದರಿಗೆ, ತೈಲ ಶುದ್ಧೀಕರಣಕ್ಕೆ ಭೂಮಿ ಬಿಟ್ಟುಕೊಟ್ಟ ಕರಾವಳಿ ಇದು. ಅದೂ ಅಲ್ಲದೆ ಮಂಗಳೂರಿನ ಪಿಲಿಕುಳ ನಿಸರ್ಗಧಾಮದಲ್ಲಿ ಗಾಲ್ಫ್ ಅಂಗಳ ಈಗಾಗಲೇ ಇದೆ. ನಮ್ಮ ಶಾಲೆಗಳ ಬಸ್ಸು ಅಲ್ಲಿಗೆ ಹೋಗುತ್ತದೆ. ಮಕ್ಕಳು ಹುಲಿ ನೋಡುತ್ತಾರೆ, ತಾರಾಲಯ ನೋಡುತ್ತಾರೆ, ದೋಣಿ ಹತ್ತುತ್ತಾರೆ, ಬುತ್ತಿ ಬಿಚ್ಚಿ ಉಂಡು ಮರಳುತ್ತಾರೆ. ಗಾಲ್ಫ್ ಪ್ರವಾಸದ ಪಟ್ಟಿಯಲ್ಲಿ ಇರುವುದಿಲ್ಲ.

2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಏಳು ಹೊಡೆತಗಳ ಮುನ್ನಡೆ ಕಳೆದುಕೊಂಡರೂ ಅದಿತಿ ಬೆಳ್ಳಿ ತಂದರು. ಆ ಕೂಟದ ಗಾಲ್ಫ್‌ನಲ್ಲಿ ಪದಕ ಗೆದ್ದ ಭಾರತದ ಮೊದಲ ಮಹಿಳೆ. ಮೇಷ್ಟ್ರುಗಳೇ, ಟೀಚರುಗಳೇ, ಮುಂದಿನ ಪ್ರವಾಸದಲ್ಲಿ ಮೊದಲೇ ಅನುಮತಿ ಕೇಳಿ, ಹೆಣ್ಣುಮಕ್ಕಳನ್ನು ಅರ್ಧ ಗಂಟೆ ಪಿಲಿಕುಳದ ಆ ಅಂಗಳದ ಅಂಚಿನಲ್ಲಿ ನಿಲ್ಲಿಸಿ.