ಜೇಬಿನೊಳಗಿನ ಚೀಟಿ

ಹಿಂದಿನ ತಲೆಮಾರಿನ ಕಥೋಲಿಕರಲ್ಲಿ ಕೆಲವರು ಜೇಬಿನಲ್ಲಿ ಒಂದು ಪುಟ್ಟ ಚೀಟಿಯನ್ನು ಇಟ್ಟುಕೊಳ್ಳುತ್ತಿದ್ದರು. ಇನ್ನು ಕೆಲವರು ಕೊರಳ ಪದಕದ ಹಿಂಬದಿಯಲ್ಲಿ ಅದೇ ಮಾತನ್ನು ಕೆತ್ತಿಸಿಕೊಂಡಿರುತ್ತಿದ್ದರು: ‘ನಾನು ಕಥೋಲಿಕ. ಅಪಘಾತವಾದರೆ ದಯವಿಟ್ಟು ಗುರುಗಳನ್ನು ಕರೆಸಿರಿ.’ ಅಪರಿಚಿತನಿಗೆ ತಿಳಿಯಬೇಕಾದುದು ಅಷ್ಟೇ. ಹೊತ್ತವನ ಪಾಪಗಳ ಪಟ್ಟಿ ಅದರಲ್ಲಿರುತ್ತಿರಲಿಲ್ಲ.

ನಮ್ಮ ಧರ್ಮಕೇಂದ್ರದ ಯುವತಿಯೊಬ್ಬಳು ಕಳೆದ ಮಳೆಗಾಲದಲ್ಲಿ ಬಸ್ಸಿನಲ್ಲಿ ಮೂರ್ಛೆರೋಗದ ಸೆಳೆತ ಬಂದು ಬಿದ್ದಳು. ಸಹಪ್ರಯಾಣಿಕರು ಸದ್ಭಾವದಿಂದಲೇ ಅವಳ ಅಂಗೈಯಲ್ಲಿ ಬೀಗದ ಕೈಗೊಂಚಲನ್ನು ಒತ್ತಿ ಹಿಡಿದರು. ಒಬ್ಬರು ಹಲ್ಲುಗಳ ನಡುವೆ ಪೆನ್ನು ತುರುಕಲು ಹೋಗಿ ಹಲ್ಲೊಂದು ಮುರಿಯಿತು. ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಏನನ್ನೂ ಹಾಕಬಾರದು, ಐದು ನಿಮಿಷಗಳಲ್ಲಿ ಸೆಳೆತ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು ಎಂಬ ಮೂರು ಮಾತು ಅವಳ ಚೀಲದಲ್ಲಿ ಇದ್ದಿದ್ದರೆ ಸಾಕಿತ್ತು. ಏಕೆ ಇರಲಿಲ್ಲವೆಂದು ಕೇಳಿದಾಗ ತಾಯಿ ತಲೆ ತಗ್ಗಿಸಿ, “ಫಾದರ್, ಹುಡುಗಿಗೆ ಸಂಬಂಧ ನೋಡುತ್ತಿದ್ದೇವೆ. ಆ ಚೀಟಿ ಯಾರ ಕೈಗಾದರೂ ಸಿಕ್ಕಿದರೆ?” ಎಂದರು.

ಈ ಅಂಜಿಕೆಯನ್ನು ಅವಿವೇಕವೆಂದು ತಳ್ಳಿಹಾಕುವಂತಿಲ್ಲ; ಅದನ್ನು ಬೆಳೆಸಿದವರು ನಾವೇ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ರೋಗಿಯ ಹೆಸರಿನೊಡನೆ ರೋಗದ ಹೆಸರನ್ನೂ ಓದಿಬಿಡುತ್ತೇವೆ. ಮಧ್ಯಾಹ್ನದ ಊಟದೊಳಗೆ ಅದು ವಾಟ್ಸ್‌ಆ್ಯಪ್ ಬಳಗಗಳನ್ನೆಲ್ಲ ಸುತ್ತಿ ಬಂದಿರುತ್ತದೆ. ನಾನೂ ಹಾಗೆ ಓದಿದವನೇ. ಆದರೆ 1983ರ ಧರ್ಮಸಭೆಯ ಕಾನೂನು ಸಂಹಿತೆಯ 220ನೆಯ ವಿಧಿಯು ಯಾರ ಸತ್ಕೀರ್ತಿಗೂ ಅನ್ಯಾಯವಾಗಿ ಕುಂದು ತರಬಾರದೆಂದೂ, ತನ್ನ ಖಾಸಗಿತನವನ್ನು ಕಾಪಾಡಿಕೊಳ್ಳುವ ಹಕ್ಕನ್ನು ಭಂಗಪಡಿಸಬಾರದೆಂದೂ ವಿಧಿಸುತ್ತದೆ. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದ್ದು 2017ರ ಆಗಸ್ಟ್ 24ರಂದು. ಆ ದಾವೆಯನ್ನು ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಹಾಗೆಂದು ಎಲ್ಲವನ್ನೂ ಎಲ್ಲರಿಂದಲೂ ಮುಚ್ಚಿಡಬಹುದೆಂದಲ್ಲ. ಸುಳ್ಳಾಡುವುದು ಬೇರೆ, ವಿವೇಕದಿಂದ ಸತ್ಯವನ್ನು ಮರೆಯಲ್ಲಿಡುವುದು ಬೇರೆ ಎಂಬುದನ್ನು ಸಂತ ಥಾಮಸ್ ಅಕ್ವಿನಾಸರು ಒಪ್ಪುತ್ತಾರೆ. ಬಸ್ಸಿನ ಪ್ರಯಾಣಿಕನಿಗೆ ತಿಳಿಯಬೇಕಾದುದೊಂದು, ವೈದ್ಯರಿಗೆ ಇನ್ನೊಂದು. ಕೈಹಿಡಿಯುವ ವರನಿಗೆ ಮದುವೆಗೆ ಮುನ್ನವೇ ಹೇಳಬೇಕು. ದಾಂಪತ್ಯವನ್ನು ತೀವ್ರವಾಗಿ ಕದಡಬಲ್ಲ ಸಂಗತಿಯನ್ನು ಮೋಸದಿಂದ ಬಚ್ಚಿಟ್ಟು ಪಡೆದ ಸಮ್ಮತಿ ಅಸಿಂಧುವೆಂದು ಅದೇ ಸಂಹಿತೆಯ 1098ನೆಯ ವಿಧಿ ಹೇಳುತ್ತದೆ. ತಾಯಂದಿರು ಇದನ್ನು ಎರಡು ಬಾರಿ ಓದಲಿ.

ಇನ್ನು ಚೀಟಿಯಲ್ಲಿ ಬರೆಯಬೇಕಾದುದೇನು? ಮೊದಲ ಗಂಟೆಯಲ್ಲಿ ಜೀವ ಉಳಿಸುವಷ್ಟು: ಪೆನ್ಸಿಲಿನ್‌ನಂಥ ಒಗ್ಗದ ಔಷಧ, ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ಸೇವಿಸುವ ಮಾತ್ರೆ, ಎದೆಯಲ್ಲಿ ಅಳವಡಿಸಿದ ಪೇಸ್‌ಮೇಕರ್, ಮೂರ್ಛೆರೋಗ. ಜೊತೆಗೆ, ಉಳಿದ ಕಥೆಯನ್ನೆಲ್ಲ ಬಲ್ಲ ಒಬ್ಬರ ದೂರವಾಣಿ ಸಂಖ್ಯೆ. ರಕ್ತದ ಗುಂಪು ಬರೆಯದಿದ್ದರೂ ನಷ್ಟವಿಲ್ಲ. ರಕ್ತ ಕೊಡುವ ಮುನ್ನ ಆಸ್ಪತ್ರೆಯವರು ಹೇಗೂ ಪರೀಕ್ಷಿಸುತ್ತಾರೆ. ಆಧಾರ್ ಸಂಖ್ಯೆ, ಮನೆಯ ವಿಳಾಸ, ಹಳೆಯ ಶಸ್ತ್ರಚಿಕಿತ್ಸೆಗಳು, ಮನೋವೈದ್ಯರ ಹೆಸರು ಬೇಡವೇ ಬೇಡ. ಚೀಟಿ ಮೈಮೇಲೇ ಇರುವುದರಿಂದ ಪೂರ್ಣ ಹೆಸರೂ ಬೇಕಿಲ್ಲ, ಕರೆಯುವ ಹೆಸರು ಸಾಕು. ಕಳೆದುಹೋದರೆ ಸಿಕ್ಕವನಿಗೆ ಒಂದು ರೋಗ ತಿಳಿಯುತ್ತದೆ, ಯಾರದೆಂದು ಸುಲಭವಾಗಿ ತಿಳಿಯದು. ಮೊಬೈಲಿನಲ್ಲಿ ಬೀಗ ತೆರೆಯದೆಯೇ ಕಾಣುವ ತುರ್ತು ಮಾಹಿತಿಗೂ ಇದೇ ಅಳತೆ, ಏಕೆಂದರೆ ಕದ್ದವನಿಗೂ ಅದು ಕಾಣುತ್ತದೆ. ಕನ್ನಡದೊಡನೆ ಇಂಗ್ಲಿಷಿನಲ್ಲೂ ಬರೆಯಿರಿ. ನಮ್ಮ ಆಸ್ಪತ್ರೆಗಳಲ್ಲಿ ಹೊರರಾಜ್ಯದ ಯುವವೈದ್ಯರು ಬಹಳ.

ಏನು ಬರೆಯಬೇಕೆಂಬ ನಿರ್ಧಾರ ಮಾತ್ರ ಪ್ರಾಪ್ತವಯಸ್ಕ ರೋಗಿಯದೇ, ಕುಟುಂಬದ್ದಲ್ಲ. ಆ ಯುವತಿ ಮೊನ್ನೆ ನನ್ನ ಕಚೇರಿಯಲ್ಲಿಯೇ ಕುಳಿತು ತನ್ನ ಚೀಟಿಯನ್ನು ಬರೆದಳು. ಒಳಗೆ ಐದು ಸಾಲು. ಮಡಿಚಿದ ಮೇಲ್ಭಾಗದಲ್ಲಿ ‘ತುರ್ತು ಸಂದರ್ಭದಲ್ಲಿ ತೆರೆಯಿರಿ’ ಎಂದಷ್ಟೇ. ತಾಯಿ ತಮ್ಮ ಸಂಖ್ಯೆಯನ್ನು ಹೇಳಲಾರಂಭಿಸಿದರು. “ಬೇಡಮ್ಮ, ಅಣ್ಣನದಿರಲಿ. ನೀನು ಫೋನಿನಲ್ಲೇ ಅಳುತ್ತೀಯ,” ಎಂದಳು.