ಎಲ್ಲಿ ಸಹಿ ಹಾಕಬೇಕು ಹೇಳಿ

ಬಾಗಿಲು ಪೂರ್ವಕ್ಕಿರಬೇಕೋ ಉತ್ತರಕ್ಕಿರಬೇಕೋ ಎಂದು ಕೇಳಲು ವಾಸ್ತುವಿನವರನ್ನು ಕರೆಸುತ್ತೀರಿ, ಕೈತುಂಬ ದಕ್ಷಿಣೆ ಕೊಡುತ್ತೀರಿ. ಅಡುಗೆಮನೆ ಆಗ್ನೇಯದಲ್ಲಿಲ್ಲವೆಂದು ಮನಸ್ಸಿಗೆ ಹಿಡಿಸಿದ ಫ್ಲ್ಯಾಟನ್ನೇ ಕೈಬಿಡುತ್ತೀರಿ. ಟೈಲ್ಸ್ ಆರಿಸಲು ಎರಡು ಭಾನುವಾರ ಸಾಲುವುದಿಲ್ಲ. ಅದೇ ಮನೆಗೆ ಇಪ್ಪತ್ತು ವರ್ಷ ಕಂತು ಕಟ್ಟಬೇಕಾದ ಸಾಲಕ್ಕೆ ಮಾತ್ರ ಬಿಲ್ಡರ್ ಆಫೀಸಿನಲ್ಲಿ ಪರಿಚಯವಾದ ಲೋನ್ ಏಜೆಂಟ್, ಅರ್ಧ ಗಂಟೆ, ಒಂದು ಕಾಫಿ. ಆತ ದಪ್ಪನೆಯ ಕಾಗದದ ಕಟ್ಟನ್ನು ಮುಂದಿಡುತ್ತಾನೆ, ಪೆನ್ಸಿಲ್ ಗುರುತಿರುವ ಕಡೆಯೆಲ್ಲ ನೀವು ಸಹಿ ಮಾಡಿ ಕೊಡುತ್ತೀರಿ. ಜೀವಮಾನದ ಅತಿ ದೊಡ್ಡ ಖರ್ಚಿನ ಬಗ್ಗೆ ನಿಮ್ಮ ಬಾಯಿಂದ ಬರುವ ಪ್ರಶ್ನೆ ಒಂದೇ: ‘ಎಲ್ಲಿ ಸಹಿ ಹಾಕಬೇಕು ಹೇಳಿ.’

ಓದುಬರಹ ಬಾರದವರ ಮೇಲೆ ಈ ದೂರು ಹೊರಿಸಬೇಡಿ. ಸಂತೆಯಲ್ಲಿ ಸೊಪ್ಪು ಮಾರುವಾಕೆ ತಾನು ತಂದ ಕೈಸಾಲಕ್ಕೆ ನೂರಕ್ಕೆ ತಿಂಗಳಿಗೆ ಎಷ್ಟು ಬಡ್ಡಿ ಎಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ. ಹೇಳಲಾರದವರು ಎಂಜಿನಿಯರುಗಳು, ಅಧ್ಯಾಪಕರು, ಬೇರೆಯವರ ಕಂಪನಿಯ ಲೆಕ್ಕಪತ್ರ ತಿದ್ದುವವರು. ‘ಬಡ್ಡಿ ಎಷ್ಟು?’ ಎಂದರೆ ‘ಎಂಟೂವರೆಯೋ ಒಂಬತ್ತೋ ಇರಬೇಕು’ ಎನ್ನುತ್ತಾರೆ. ಆ ಅರ್ಧ ಪರ್ಸೆಂಟಿಗೆ 50 ಲಕ್ಷ ರೂಪಾಯಿ ಸಾಲದ ಮೇಲೆ, 20 ವರ್ಷಕ್ಕೆ, ಸುಮಾರು 3.8 ಲಕ್ಷ ರೂಪಾಯಿ ವ್ಯತ್ಯಾಸವಾಗುತ್ತದೆ. ‘ಇರಬೇಕು’ ಎಂಬ ಒಂದು ಮಾತಿಗೆ ಇಷ್ಟು ಬೆಲೆ ತೆರುವ ಶ್ರೀಮಂತಿಕೆ ನಮ್ಮ ಮಧ್ಯಮವರ್ಗಕ್ಕೆ ಯಾವಾಗ ಬಂತೋ ಕಾಣೆ.

‘ಏನೂ ತಗೊಂಡಿಲ್ಲ ಸಾರ್, ಫ್ರೀಯಾಗಿ ಮಾಡಿಕೊಟ್ಟ’ ಎಂದು ಏಜೆಂಟನ್ನು ಹೊಗಳುವುದೂ ರೂಢಿ. ಆತನ ಸಂಪಾದನೆ ಎಲ್ಲಿಂದ ಬರುತ್ತದೆ ಎಂದು ಎಂದಾದರೂ ಕೇಳಿದ್ದೀರಾ? ಆತ ಡಿಎಸ್‌ಎ, ಅಂದರೆ ಬ್ಯಾಂಕಿಗೋ ಫೈನಾನ್ಸ್ ಕಂಪನಿಗೋ ಸಾಲ ಮಾರಿಕೊಡುವ ಏಜೆಂಟ್. ಕಮಿಷನ್ ಕೊಡುವುದು ಸಾಲ ಕೊಡುವ ಸಂಸ್ಥೆ. ಅದು ಸಿಗುವುದು ಸಾಲದ ಹಣ ಬಿಡುಗಡೆಯಾದ ಮೇಲೆ, ಬಿಡುಗಡೆಯಾದ ಮೊತ್ತದ ಶೇಕಡಾವಾರು ಲೆಕ್ಕದಲ್ಲಿ. ಸಾಲ ದೊಡ್ಡದಾದಷ್ಟೂ ಆತನ ಪಾಲು ದೊಡ್ಡದು, ನೀವು ಸಾಲವನ್ನೇ ಮಾಡದಿದ್ದರೆ ಆತನಿಗೆ ಸೊನ್ನೆ. ಎಲ್ಲ ಸಂಸ್ಥೆಗಳೂ ಒಂದೇ ದರದಲ್ಲಿ ಕಮಿಷನ್ ಕೊಡುವುದಿಲ್ಲ. ‘ಈ ಬ್ಯಾಂಕ್ ಬೇಡ ಸಾರ್, ಅಲ್ಲಿ ಫೈಲ್ ಮೂವ್ ಆಗಲ್ಲ, ಆ ಫೈನಾನ್ಸ್ ಕಂಪನಿ ಬೆಸ್ಟ್’ ಎಂದಾಗ ಅದರ ಹಿಂದೆ ಅನುಭವವಿದೆಯೋ ಕಮಿಷನ್ ಇದೆಯೋ ನಿಮಗೆ ತಿಳಿಯದು, ತಿಳಿದುಕೊಳ್ಳುವ ಗೊಡವೆಗೂ ನೀವು ಹೋಗುವುದಿಲ್ಲ. ‘ಈ ಫೈಲಿಗೆ ನಿಮಗೆಷ್ಟು ಸಿಗುತ್ತೆ?’ ಎಂದು ಕೇಳಲು ಸಂಕೋಚ. ತರಕಾರಿಯವಳ ಹತ್ತಿರ ಐದು ರೂಪಾಯಿಗೆ ಜಗ್ಗುವಾಗ ಈ ಸಂಕೋಚ ಎಲ್ಲಿರುತ್ತದೆ?

ಏಜೆಂಟನ ಮೇಲೆ ನನಗೆ ಸಿಟ್ಟಿಲ್ಲ. ಆತ ಮಾಡುತ್ತಿರುವುದು ಮಾರಾಟ, ಒಪ್ಪಂದವಿರುವುದು ಬ್ಯಾಂಕಿನ ಜೊತೆ. ಆತನನ್ನು ‘ನಮ್ಮವನು’ ಮಾಡಿಕೊಂಡವರು ನೀವು. ಮೆಲ್ಬರ್ನಿನಲ್ಲೋ ಸಿಡ್ನಿಯಲ್ಲೋ ಮನೆ ಕೊಳ್ಳುವ ಕನ್ನಡಿಗನಿಗೆ ಸಾಲ ಮಾಡಿಸಿಕೊಡುವ ಬ್ರೋಕರಿಗೂ ಕಮಿಷನ್ ಬ್ಯಾಂಕಿನದೇ. ಆದರೆ 2021ರ ಜನವರಿಯಿಂದ ಅಲ್ಲಿನ ಕಾನೂನು ಬ್ರೋಕರಿಗೆ ಒಂದು ಹೊಣೆ ಹೊರಿಸಿದೆ: ಸಾಲ ಪಡೆಯುವವನ ಹಿತಕ್ಕೆ ತಕ್ಕಂತೆಯೇ ನಡೆಯಬೇಕು, ತನ್ನ ಹಿತವೂ ಗಿರಾಕಿಯ ಹಿತವೂ ಎದುರುಬದುರಾದರೆ ಗಿರಾಕಿಯದೇ ಮೇಲು. ಬೆಂಗಳೂರಿನ ಡಿಎಸ್‌ಎ ಮೇಲೆ ಅಂಥ ಹೊಣೆ ಇಲ್ಲ. ಫ್ಲ್ಯಾಟ್ ಮಾರಿಸುವ ದಲ್ಲಾಳಿಯಾದರೂ ರಿಯಲ್ ಎಸ್ಟೇಟ್ ಕಾಯ್ದೆಯ ರೇರಾ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಬೇಕು. ಸಾಲ ಮಾರಿಸುವವನಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಕಾನೂನು ಕಾಯದ ಕಡೆ ನಾವೇ ಕಣ್ಣು ತೆರೆದಿರಬೇಕಿತ್ತು. ನಾವು ಅಲ್ಲೇ ಕಣ್ಣು ಮುಚ್ಚಿದೆವು.

ಮೊದಲ ಸುಳ್ಳು ಸಮಾಧಾನದ ಹೆಸರು ಎಲಿಜಿಬಿಲಿಟಿ. ‘ನಿಮ್ಮ ಸ್ಯಾಲರಿಗೆ ಎಂಬತ್ತು ಲಕ್ಷದವರೆಗೂ ಬರುತ್ತೆ’ ಎಂದೊಡನೆ, ಐವತ್ತು ಲಕ್ಷ ಸಾಲ ಸಾಕು ಎಂದುಕೊಂಡಿದ್ದವರು ಮೂರು ಬೆಡ್‌ರೂಮಿನ ಮನೆ ನೋಡಲು ಹೊರಡುತ್ತಾರೆ. ಬ್ಯಾಂಕ್ ಎಷ್ಟು ಕೊಡಬಲ್ಲದು ಎಂಬುದಕ್ಕೂ ನೀವು ಎಷ್ಟು ತೀರಿಸಬಲ್ಲಿರಿ ಎಂಬುದಕ್ಕೂ ಇರುವ ಅಂತರದಲ್ಲಿ ನಿಮ್ಮ ಮಕ್ಕಳ ಓದು, ತಂದೆತಾಯಿಯ ಆಸ್ಪತ್ರೆ ಖರ್ಚು, ಕೆಲಸ ಹೋಗಬಹುದಾದ ಆರು ತಿಂಗಳು ಇವೆಲ್ಲ ಇವೆ. ಕಂತು ಭಾರವೆನಿಸಿದರೆ ಆತನ ಬಳಿ ಸಿದ್ಧ ಉತ್ತರವಿದೆ: ‘ಮೂವತ್ತು ವರ್ಷಕ್ಕೆ ಮಾಡಿಸೋಣ.’ ಲೆಕ್ಕ ಹಾಕಿ ನೋಡಿ. ಶೇ. 8.5ರ ದರದಲ್ಲಿ 50 ಲಕ್ಷಕ್ಕೆ 20 ವರ್ಷದ ಕಂತು ಸುಮಾರು 43,400 ರೂಪಾಯಿ, 30 ವರ್ಷದ ಕಂತು 38,450. ತಿಂಗಳಿಗೆ ಐದು ಸಾವಿರ ಉಳಿಯಿತೆಂದು ಸಂತೋಷ. ಒಟ್ಟು ಬಡ್ಡಿ ಮಾತ್ರ 54 ಲಕ್ಷದಿಂದ 88 ಲಕ್ಷಕ್ಕೆ ಏರಿತು. ಮೊಬೈಲಿನಲ್ಲಿ ಒಂದು ನಿಮಿಷಕ್ಕೆ ಸಿಗುವ ಈ ಲೆಕ್ಕವನ್ನು ಸಹಿಗೆ ಮೊದಲು ಮಾಡಿ ನೋಡುವವರು ವಿರಳ.

ಕೈಯಲ್ಲಿರುವ ದುಡ್ಡಿನ ವಿಷಯದಲ್ಲೂ ಇದೇ ಉದಾಸೀನ. 30 ಲಕ್ಷದಿಂದ 75 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ ಶೇ. 80, ಅದಕ್ಕೆ ಮೇಲ್ಪಟ್ಟ ಸಾಲಕ್ಕೆ ಶೇ. 75, ಇದಕ್ಕಿಂತ ಹೆಚ್ಚು ಕೊಡಬಾರದೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಆ ಬೆಲೆಗೆ ಸೇರುವುದಿಲ್ಲ. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಸಾಮಾನ್ಯವಾಗಿ ಶೇ. 5, ಅದರ ಮೇಲೆ ಸೆಸ್ಸು ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು 2 ಆಗಿದೆ. 80 ಲಕ್ಷದ ಫ್ಲ್ಯಾಟಿಗೆ 16 ಲಕ್ಷ ಕೈಯಿಂದ, ರಿಜಿಸ್ಟ್ರೇಷನ್ನಿಗೆ ಇನ್ನೊಂದು ಆರು ಲಕ್ಷದಷ್ಟು. ಇದು ಕೈಯಲ್ಲಿಲ್ಲದವನಿಗೆ ಏಜೆಂಟ್ ‘ಮಾರ್ಜಿನ್ನಿಗೆ ಒಂದು ಪರ್ಸನಲ್ ಲೋನ್ ಹಾಕೋಣ’ ಎನ್ನುತ್ತಾನೆ. ಅದಕ್ಕೂ ಕಮಿಷನ್ ಇದೆ. ನಿಮ್ಮದೇ ಒಂದಿಷ್ಟು ಉಳಿತಾಯ ಇರಲೆಂದು ಕಟ್ಟಿದ ಬೇಲಿಯನ್ನು ಇನ್ನೊಂದು ಸಾಲ ಮಾಡಿ ಹಾರುವವರು ಆಮೇಲೆ ಬ್ಯಾಂಕಿನ ಬಡ್ಡಿ ಜಾಸ್ತಿ ಎಂದು ಗೊಣಗುವುದು ನನಗೆ ಅರ್ಥವಾಗುವುದಿಲ್ಲ.

‘ಟ್ಯಾಕ್ಸ್ ಉಳಿಯುತ್ತಲ್ಲ’ ಎಂಬ ಮಂತ್ರ ಇನ್ನೂ ಚಲಾವಣೆಯಲ್ಲಿದೆ. 2023–24ರಿಂದ ಹೊಸ ತೆರಿಗೆ ಪದ್ಧತಿಯೇ ತಾನಾಗಿ ಅನ್ವಯಿಸುವ ಪದ್ಧತಿ, ಅದರಲ್ಲಿ ನೀವೇ ವಾಸಿಸುವ ಮನೆಯ ಸಾಲದ ಬಡ್ಡಿಗೆ ಎರಡು ಲಕ್ಷದ ವಿನಾಯಿತಿ ಇಲ್ಲ. ಹೊಸ ಪದ್ಧತಿಯಲ್ಲಿದ್ದುಕೊಂಡು ಹಳೆ ಪದ್ಧತಿಯ ಲಾಭ ನಂಬಿ ಸಾಲ ಮಾಡುವವರಿಗೆ ಏನು ಹೇಳುವುದು?

ಇನ್ನು ವಿಮೆ. ಸ್ಯಾಂಕ್ಷನ್ ಪತ್ರ ಬರುವ ಹೊತ್ತಿಗೆ ಸಾಲದ ಮೊತ್ತ ಒಂದೆರಡು ಲಕ್ಷ ದಪ್ಪವಾಗಿರುತ್ತದೆ. ‘ಲೋನ್ ಪ್ರೊಟೆಕ್ಷನ್ ಸಾರ್, ಕಂಪಲ್ಸರಿ’ ಎಂಬ ವಿವರಣೆ. ಕಂಪಲ್ಸರಿ ಎಂಬ ನಿಯಮ ರಿಸರ್ವ್ ಬ್ಯಾಂಕಿನಲ್ಲೂ ಇಲ್ಲ, ವಿಮಾ ನಿಯಂತ್ರಣ ಪ್ರಾಧಿಕಾರದಲ್ಲೂ ಇಲ್ಲ. ಸಾಲಗಾರನಿಗೆ ಜೀವವಿಮೆ ಬೇಕು, ಖಂಡಿತ ಬೇಕು. ಅದನ್ನು ಹೊರಗಿನಿಂದ ಟರ್ಮ್ ಪಾಲಿಸಿಯಾಗಿ ತೆಗೆದುಕೊಳ್ಳಬಹುದು, ದರ ಹೋಲಿಸಬಹುದು. ಎರಡು ಲಕ್ಷದ ಪ್ರೀಮಿಯಂ ಅನ್ನು ಸಾಲಕ್ಕೇ ಸೇರಿಸಿ 20 ವರ್ಷ ಶೇ. 8.5ರಲ್ಲಿ ಕಟ್ಟಿದರೆ ಅದು 4.17 ಲಕ್ಷವಾಗುತ್ತದೆ. ‘ಎಲ್ಲರೂ ಮಾಡಿಸ್ತಾರೆ’ ಎಂದು ಆತ ಹೇಳಿದ, ನೀವು ಒಪ್ಪಿದಿರಿ.

ಎಲ್ಲಕ್ಕಿಂತ ಅಪಾಯದ ಮಾತು ಇದು: ‘ಬ್ಯಾಂಕ್ ಲೋನ್ ಕೊಟ್ಟಿದೆ ಅಂದಮೇಲೆ ಡಾಕ್ಯುಮೆಂಟ್ಸ್ ಕ್ಲಿಯರ್ ಇರುತ್ತೆ ಬಿಡಿ.’ ಬ್ಯಾಂಕಿನ ವಕೀಲರು ಇಸಿ (ಋಣಭಾರ ಪ್ರಮಾಣಪತ್ರ), ಮದರ್ ಡೀಡ್, ಖಾತೆ ನೋಡುವುದು ಬ್ಯಾಂಕಿನ ಹಣ ಸುರಕ್ಷಿತವೇ ಎಂದು ತಿಳಿಯಲು. ಅವರ ಲೀಗಲ್ ಒಪಿನಿಯನ್ನಿಗೆ ಫೀಸು ಕೊಟ್ಟವರು ನೀವಾದರೂ ಅದು ಬರೆದದ್ದು ಬ್ಯಾಂಕಿಗೆ. ಸಾಲ ಹೋದರೆ ಬ್ಯಾಂಕಿಗೆ ನಿಮ್ಮ ಸಂಬಳವಿದೆ, ಜಾಮೀನಿದೆ, ವಸೂಲಿಯ ಕಾನೂನಿದೆ. ಓಸಿ (ಸ್ವಾಧೀನಾನುಭವ ಪ್ರಮಾಣಪತ್ರ) ಸಿಗದ ಅಪಾರ್ಟ್‌ಮೆಂಟಿನಲ್ಲಿ ವಾಸ ಮಾಡಬೇಕಾದವರು ನೀವು. ಕಟ್ಟಡ ಏಳುವ ಮೊದಲೇ ಸಾಲದ ಹಣವನ್ನು ಬಿಲ್ಡರಿಗೆ ಒಪ್ಪಿಸಿ, ಮನೆ ಸಿಗದೆ ಕಂತು ಮಾತ್ರ ಉಳಿದ ಸಾವಿರಾರು ಜನರ ಗೋಳನ್ನು ಕೇಳಿಯೇ ಸುಪ್ರೀಂ ಕೋರ್ಟ್ 2025ರಲ್ಲಿ ಬಿಲ್ಡರ್–ಬ್ಯಾಂಕ್ ಒಳಒಪ್ಪಂದದ ಬಗ್ಗೆ ಸಿಬಿಐ ತನಿಖೆಗೆ ಆದೇಶಿಸಿತು. ಆ ಸಾಲಗಳನ್ನೂ ಬ್ಯಾಂಕುಗಳೇ ಕೊಟ್ಟಿದ್ದವು, ಅವುಗಳಿಗೂ ಲೀಗಲ್ ಒಪಿನಿಯನ್ ಇತ್ತು. ವಾಸ್ತುವಿನವರಿಗೆ ಕೊಟ್ಟಷ್ಟೇ ಹಣ ಕೊಟ್ಟು ನಿಮ್ಮದೇ ಒಬ್ಬ ವಕೀಲರಿಂದ ದಾಖಲೆ ನೋಡಿಸಿದ್ದರೆ ಆಗುತ್ತಿತ್ತು. ಅದು ದಂಡದ ಖರ್ಚು ಎನಿಸಿತು.

ಬಿ ಖಾತಾ ಸ್ವತ್ತಿಗೆ, ಅಂದರೆ ದಾಖಲೆ ಪೂರ್ತಿ ನಿಯಮಬದ್ಧವಲ್ಲದ ಸ್ವತ್ತಿಗೆ, ದೊಡ್ಡ ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ. ಕೆಲವು ಫೈನಾನ್ಸ್ ಕಂಪನಿಗಳು ಹೆಚ್ಚು ಬಡ್ಡಿಗೆ ಕೊಡುತ್ತವೆ. ‘ಮೂರು ಬ್ಯಾಂಕ್ ರಿಜೆಕ್ಟ್ ಮಾಡಿದ್ದನ್ನ ನಮ್ಮ ಹುಡುಗ ಮಾಡಿಸಿಕೊಟ್ಟ’ ಎಂದು ಹೆಮ್ಮೆಪಡುವವರನ್ನು ನೋಡಿದ್ದೇನೆ. ಈ ಇಡೀ ವ್ಯವಹಾರದಲ್ಲಿ ಪುಕ್ಕಟೆಯಾಗಿ ಸಿಗುವ ಪ್ರಾಮಾಣಿಕ ಸಲಹೆ ಏನಾದರೂ ಇದ್ದರೆ ಅದು ಬ್ಯಾಂಕಿನ ನಿರಾಕರಣೆ. ಅದನ್ನು ಅಡ್ಡಿ ಎಂದು ತಿಳಿದು ದಾಟಿಸಿಕೊಡುವವನನ್ನು ಆಪದ್ಬಾಂಧವ ಎನ್ನುತ್ತೀರಿ. ಇಂಥವನು ನಿಮ್ಮ ಫೈಲನ್ನು ಏಕಕಾಲಕ್ಕೆ ನಾಲ್ಕೈದು ಕಡೆ ಲಾಗಿನ್ ಮಾಡಿರುತ್ತಾನೆ, ಒಂದೊಂದು ಲಾಗಿನ್ನೂ ನಿಮ್ಮ ಸಾಲದ ಚರಿತ್ರೆ ಹೇಳುವ ಸಿಬಿಲ್ ವರದಿಯಲ್ಲಿ ವಿಚಾರಣೆಯಾಗಿ ದಾಖಲಾಗುತ್ತದೆ. ಆ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ತರಿಸಿಕೊಳ್ಳುವ ಹಕ್ಕು 2017ರಿಂದಲೇ ಇದೆ. ನೀವು ತರಿಸಿದ್ದುಂಟೇ?

ಸಹಿಯೊಂದಿಗೆ ಉದಾಸೀನ ಮುಗಿದಿದ್ದರೆ ಒಂದು ಸಮಾಧಾನವಿತ್ತು. 2021ರಲ್ಲಿ ಶೇ. 6.7ಕ್ಕೆ ಸಾಲ ಸಿಗುತ್ತಿತ್ತು, ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ ಶೇ. 4 ಇತ್ತು. 2022ರ ಮೇಯಿಂದ 2023ರ ಫೆಬ್ರುವರಿಯೊಳಗೆ ರೆಪೊ 6.5ಕ್ಕೆ ಏರಿತು. ಶೇ. 6.7ರಲ್ಲಿ 20 ವರ್ಷಕ್ಕೆ 50 ಲಕ್ಷ ಪಡೆದವರ ಕಂತು ಸುಮಾರು 37,870 ರೂಪಾಯಿ. ಎರಡು ವರ್ಷ ಕಟ್ಟಿದ ಮೇಲೆ ದರ ಶೇ. 9.2 ಆಯಿತು ಎನ್ನಿ. ಬಾಕಿ 47 ಲಕ್ಷದ ಮೇಲೆ ತಿಂಗಳ ಬಡ್ಡಿಯೇ 36,000 ದಾಟುತ್ತದೆ. ಕಂತನ್ನು ಅಷ್ಟೇ ಇಟ್ಟು ಅವಧಿ ಎಳೆದರೆ ಉಳಿದಿದ್ದ 18 ವರ್ಷ 35 ವರ್ಷವಾಗುತ್ತದೆ. ‘ನನ್ನ ಇಎಂಐ ಏರಲೇ ಇಲ್ಲ’ ಎಂದು ಬೀಗಿದವರೆಲ್ಲ ತಮ್ಮ ಅವಧಿಯನ್ನೊಮ್ಮೆ ನೋಡಬೇಕಿತ್ತು. ಅಂಥ ಹೊತ್ತಿನಲ್ಲಿ ಕಂತು ಏರಿಸುವುದೋ, ಅವಧಿ ಹೆಚ್ಚಿಸುವುದೋ, ಸ್ಥಿರ ಬಡ್ಡಿಗೆ ಬದಲಾಗುವುದೋ ಎಂಬ ಆಯ್ಕೆಯನ್ನು ಸಾಲಗಾರನ ಕೈಗೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲಿ ಆದೇಶಿಸಿತು. ಬ್ಯಾಂಕಿನ ಇಮೇಲು ಬಂತು. ಓದದೆ ಬಿಟ್ಟಿರಿ.

2025ರ ಫೆಬ್ರುವರಿಯಿಂದ ರೆಪೊ ಇಳಿಯತೊಡಗಿತು. ಬ್ಯಾಂಕಿನಿಂದ 2019ರ ಅಕ್ಟೋಬರ್‌ನಿಂದ ಈಚೆಗೆ ತೆಗೆದುಕೊಂಡ ಬದಲಾಗುವ ಬಡ್ಡಿಯ ಸಾಲ ರೆಪೊದಂಥ ಹೊರಗಿನ ದರಕ್ಕೆ ಜೋಡಿಸಿರಬೇಕು, ಮೂರು ತಿಂಗಳಿಗೊಮ್ಮೆಯಾದರೂ ಪರಿಷ್ಕರಣೆ ಆಗಬೇಕು. ಈ ನಿಯಮ ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಅನ್ವಯಿಸಲಿಲ್ಲ. ನಿಮ್ಮ ಸಾಲ ಎಲ್ಲಿಯದು, ಯಾವ ದರಕ್ಕೆ ಜೋಡಿಸಿದ್ದು, ಇಳಿಕೆ ನಿಮ್ಮವರೆಗೆ ಬಂತೇ? ಏಜೆಂಟನನ್ನು ಕೇಳೋಣವೆಂದರೆ ಆತ ಫೋನ್ ಎತ್ತುವುದಿಲ್ಲ, ಆತನ ಪಾಲು ಯಾವತ್ತೋ ಸಂದಾಯವಾಗಿದೆ. ಸಾಲವನ್ನು ಬೇರೆ ಸಂಸ್ಥೆಗೆ ಸಾಗಿಸುವ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಮಾಡಿಸುವ ಕಾಲ ಬಂದಾಗ ತಾನಾಗಿ ಫೋನ್ ಮಾಡುತ್ತಾನೆ, ಜೊತೆಗೆ ಟಾಪ್-ಅಪ್ ಕೂಡ ಕೊಡಿಸುತ್ತೇನೆನ್ನುತ್ತಾನೆ. ಆಗ ಮತ್ತೆ ಇಪ್ಪತ್ತು ವರ್ಷ ಮೊದಲಿನಿಂದ.

ಸ್ವಂತ ವ್ಯಾಪಾರದವರಿಗೆ, ಸಂಬಳದ ಚೀಟಿ ಇಲ್ಲದವರಿಗೆ, ಯಾವ ಬ್ಯಾಂಕ್ ಯಾವ ಕಾಗದ ಒಪ್ಪುತ್ತದೆ ಎಂದು ಬಲ್ಲ ಏಜೆಂಟ್ ನಿಜವಾಗಿಯೂ ಉಪಕಾರಿ. ಅವರ ಓಡಾಟ ಉಳಿಸಿದ್ದಕ್ಕೆ ಆತನಿಗೆ ಕಮಿಷನ್ ಸಲ್ಲಲಿ. ಆದರೆ ನಿಮ್ಮ ಸಂಬಳ ಬೀಳುವ ಬ್ಯಾಂಕಿಗೂ ಇನ್ನೊಂದು ಸರ್ಕಾರಿ ಬ್ಯಾಂಕಿಗೂ ಖುದ್ದಾಗಿ ಹೋಗಿ ದರ ಕೇಳಿ ಬರದೆ ಆತನ ಮಾತಿಗೆ ತಲೆಯಾಡಿಸಿದರೆ, ಆತನ ಮಾತು ಸರಿಯೋ ತಪ್ಪೋ ಎಂದು ಅಳೆಯಲು ನಿಮ್ಮ ಬಳಿ ಏನಿದೆ?

2024ರ ಅಕ್ಟೋಬರ್ 1ರಿಂದ ಪ್ರತಿ ಹೊಸ ಗೃಹಸಾಲಕ್ಕೂ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಪತ್ರ ಕೊಡಬೇಕು. ಬಡ್ಡಿ, ಪ್ರೊಸೆಸಿಂಗ್ ಫೀ, ಬ್ಯಾಂಕ್ ವಸೂಲು ಮಾಡುವ ವಿಮೆ ಮತ್ತು ಲೀಗಲ್ ಖರ್ಚು ಎಲ್ಲ ಸೇರಿ ನಿಜವಾದ ವಾರ್ಷಿಕ ದರ ಎಷ್ಟೆಂಬುದು ಅದರಲ್ಲಿ ಇರಬೇಕು. ಅಲ್ಲಿ ಬರೆಯದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಆಮೇಲೆ ವಿಧಿಸುವಂತಿಲ್ಲ. ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂದೂ ಅದನ್ನು ವಿವರಿಸಿ ಹೇಳಬೇಕೆಂದೂ ನಿಯಮವಿದೆ, ಆದ್ದರಿಂದ ಕನ್ನಡದಲ್ಲಿ ಕೊಡಿ ಎಂದು ಕೇಳಬಹುದು. ಅದು ಕೈಗೆ ಬಂದ ಮೇಲೆ ಕನಿಷ್ಠ ಮೂರು ಕೆಲಸದ ದಿನ ಯೋಚಿಸಲು ಅವಕಾಶ ಕೊಡಬೇಕು, ಅಷ್ಟರೊಳಗೆ ನೀವು ಒಪ್ಪಿದರೆ ಅದೇ ಷರತ್ತುಗಳಿಗೆ ಬ್ಯಾಂಕು ಬದ್ಧ. ‘ಇವತ್ತೇ ಸೈನ್ ಆಗದಿದ್ರೆ ಈ ರೇಟ್ ಹೋಗುತ್ತೆ ಸಾರ್’ ಎಂದು ಏಜೆಂಟ್ ಅವಸರಪಡಿಸಿದರೆ ಆ ಪತ್ರ ತರಿಸಿ, ಗಡುವಿನ ಸಾಲನ್ನು ಅವನಿಂದಲೇ ಓದಿಸಿ, ಕಾಗದಗಳನ್ನು ಮನೆಗೆ ತೆಗೆದುಕೊಂಡು ಹೋಗಿ.