ಸಿರಿವಂತ ಸಹೋದರಿಯರ ಸಿರಿ ಯಾರ ಹೆಸರಿನಲ್ಲಿದೆ?

ಜೇವರ್ಗಿಯಿಂದ ಕಲಬುರಗಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಾಲೇಜು ಹುಡುಗಿಯರು ಕಾದಂಬರಿ ಓದುವುದನ್ನು ನಾವು ಬಹಳ ವರ್ಷಗಳಿಂದ ನೋಡುತ್ತ ಬಂದಿದ್ದೇವೆ. ಹಿಂದೆ ಕೈಯಲ್ಲಿ ಪುಸ್ತಕವಿರುತ್ತಿತ್ತು, ಈಗ ಮೊಬೈಲ್ ಇದೆ. ಕತೆ ಮಾತ್ರ ಬದಲಾಗಿಲ್ಲ. ಒಂದು ದೊಡ್ಡ ಬಂಗಲೆ, ಅದರಲ್ಲಿ ಒಬ್ಬರಿಗಾಗಿ ಒಬ್ಬರು ಪ್ರಾಣ ಬಿಡುವ ಮೂವರು ಅಕ್ಕತಂಗಿಯರು, ಪ್ರತಿಯೊಬ್ಬಳಿಗೂ ಒಬ್ಬ ಸ್ಫುರದ್ರೂಪಿ ಯುವಕ. ಕೊನೆಯ ಪುಟದಲ್ಲಿ ಮೂರು ಮದುವೆ.

ಇದನ್ನು ಕಂಡರೆ ನಮ್ಮ ಹಿರಿಯರಿಗೆ ಎಲ್ಲಿಲ್ಲದ ಸಿಟ್ಟು. ಪ್ರೇಮದ ಕತೆ ಓದಿ ಹುಡುಗಿಯರು ಕೆಡುತ್ತಾರೆ ಎಂಬುದು ಅವರ ವಾದ. ನಾವಿದನ್ನು ಒಪ್ಪುವುದಿಲ್ಲ. ಹೆಣ್ಣಿನ ಒಪ್ಪಿಗೆಯಿಲ್ಲದೆ ನಿಕಾಹ್ ಇಲ್ಲ ಎಂದು ಕಲಿತವರು, ತನಗೊಪ್ಪುವವನ ಕನಸು ಕಾಣುವ ಹುಡುಗಿಯನ್ನು ಅಪರಾಧಿ ಎನ್ನುವುದು ಹೇಗೆ? ಈ ಕಾದಂಬರಿಗಳ ಸುಳ್ಳು ಪ್ರೇಮದಲ್ಲಿಲ್ಲ, ಬಂಗಲೆಯಲ್ಲಿದೆ. ಆ ಸಹೋದರಿಯರ ಆಸ್ತಿ ಯಾರ ಹೆಸರಿನಲ್ಲಿದೆ ಎಂಬುದನ್ನು ಲೇಖಕರು ಹೇಳುವುದೇ ಇಲ್ಲ.

ಅಕ್ಕತಂಗಿಯರ ಪ್ರೇಮಕತೆಗೆ ದಾರಿ ಹಾಕಿಕೊಟ್ಟವರಲ್ಲಿ ಒಬ್ಬಳಾದ ಇಂಗ್ಲೆಂಡಿನ ಜೇನ್ ಆಸ್ಟಿನ್ ಇದನ್ನು ಮುಚ್ಚಿಡಲಿಲ್ಲ. 1811ರಲ್ಲಿ ಬಂದ ಆಕೆಯ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ'ಯಲ್ಲಿ ತಂದೆ ತೀರಿಕೊಂಡೊಡನೆ ಮನೆ, ಜಮೀನು ಮೊದಲ ಹೆಂಡತಿಯ ಮಗನ ಕೈಸೇರುತ್ತವೆ. ಮೂವರು ತಂಗಿಯರಿಗೆ ತಲಾ 1,000 ಪೌಂಡ್ ಕೊಡಬೇಕೆಂದು ಅವನು ಮೊದಲು ಯೋಚಿಸುತ್ತಾನೆ. ಹೆಂಡತಿ ಆ ಮೊತ್ತವನ್ನು ಇಳಿಸುತ್ತ ಇಳಿಸುತ್ತ, ಆಗೀಗ ಒಂದಿಷ್ಟು ಮೀನು, ಬೇಟೆಯ ಮಾಂಸ ಕಳಿಸಿದರೆ ಸಾಕು ಎನ್ನುವಲ್ಲಿಗೆ ತಂದು ನಿಲ್ಲಿಸುತ್ತಾಳೆ. ಪ್ರೇಮದ ಮಾತು ಆರಂಭವಾಗುವುದು ಆಮೇಲೆ.

ಉರ್ದು ಶಾಲೆಯಲ್ಲಿ ನಮಗೆ ಡೆಪ್ಯುಟಿ ನಜೀರ್ ಅಹ್ಮದರ 'ಮಿರಾತುಲ್ ಉರೂಸ್' ಬಗ್ಗೆ ಹೇಳಿಕೊಟ್ಟರು. 1869ರ ಆ ಕಾದಂಬರಿಯಲ್ಲಿಯೂ ಅಕ್ಬರಿ, ಅಸ್ಗರಿ ಎಂಬ ಇಬ್ಬರು ಸಹೋದರಿಯರು. ಅಕ್ಬರಿ ಹಟಮಾರಿ, ಅಸ್ಗರಿ ಜಾಣೆ. ಅಸ್ಗರಿ ಗಂಡನ ಮನೆಯನ್ನು ದಡ ಸೇರಿಸಿದ ಬಗೆಯನ್ನು ಮೇಷ್ಟರು ಬಾಯ್ತುಂಬ ಹೊಗಳಿದರು. ಅವಳ ಪಾಲೆಷ್ಟು ಎಂದು ಅವರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಇನ್ನು ನಮ್ಮ ಭೀಮಾ ದಂಡೆಯ ಸಂಗತಿ. ತೊಗರಿ ಬೆಳೆಯುವ ಎರೆ ಹೊಲ. ತಂದೆ ತೀರಿದ ಮೇಲೆ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಕರೆಸುತ್ತಾರೆ. ಊಟ ಮಾಡಿಸಿ, ಸೀರೆ ಕೊಟ್ಟು, ನೋಂದಣಿ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುತ್ತಾರೆ. ಇದನ್ನು ಪ್ರೀತಿ ಎನ್ನುತ್ತಾರೆ! ನಮ್ಮ ಫುಪ್ಪುವೂ ಹಾಗೆಯೇ ಒತ್ತಿದರು. ಯಾಕೆ ಎಂದು ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು: "ಹೊಲ ತಗೊಂಡ್ರ ತವರ ಹೋಗ್ತದ." ಆ ಹೊಲದ ತೊಗರಿ ಮಾರಿದ ದುಡ್ಡಿನಲ್ಲೇ ನಾವು ಓದು ಬರಹ ಕಲಿತೆವು.

ಅನ್ನಿಸಾ ಅಧ್ಯಾಯದ 7ನೇ ಆಯತ್ ಹೆಣ್ಣಿಗೆ ತಂದೆತಾಯಿ ಬಿಟ್ಟುಹೋದದ್ದರಲ್ಲಿ, ಅದು ಸ್ವಲ್ಪವಿರಲಿ ಹೆಚ್ಚಿರಲಿ, ಪಾಲನ್ನು ನಿಗದಿಪಡಿಸಿದೆ. 11ನೇ ಆಯತ್ ಲೆಕ್ಕವನ್ನೂ ಹೇಳುತ್ತದೆ: ಮಗನಿಗೆ ಎರಡಾದರೆ ಮಗಳಿಗೆ ಒಂದು. ನಮಾಜಿನ ಸಾಲಿನಲ್ಲಿ ಮುಂದೆ ನಿಲ್ಲುವವರು ಈ ಲೆಕ್ಕ ಬಂದಾಗ ಹಿಂದೆ ಸರಿಯುವುದೇಕೆ? ಇದು ಒಂದೇ ಸಮುದಾಯದ ರೋಗವೂ ಅಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಸಮಪಾಲು ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ ಬಂತು. ಆದರೂ ನಮ್ಮ ಪಕ್ಕದ ಮನೆಯ ಅಕ್ಕನವರೂ ಅದೇ ಕಚೇರಿಯಲ್ಲಿ, ಅಂಥದೇ ಪತ್ರಕ್ಕೆ ಸಹಿ ಹಾಕಿ ಬಂದರು.

ಇದನ್ನು ಕನ್ನಡದಲ್ಲಿ ಬರೆಯಲಾಗದು ಎನ್ನುವಂತಿಲ್ಲ. ಬಾನು ಮುಷ್ತಾಕರ 'ಬೆಂಕಿ ಮಳೆ' ಕತೆಯಲ್ಲಿ ತಂಗಿ ಅಣ್ಣನ ಮನೆಗೆ ಬಂದು ತನ್ನ ಪಾಲು ಕೇಳುತ್ತಾಳೆ. ಅಣ್ಣ ಮಸೀದಿಯ ಮುತವಲ್ಲಿ. ಅವನು ಊರ ಉಸಾಬರಿ ಹೊತ್ತು ತಿರುಗುತ್ತಾನೆಯೇ ಹೊರತು ತಂಗಿಯ ಮಾತಿಗೆ ಉತ್ತರ ಕೊಡುವುದಿಲ್ಲ. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಬಾನು ಅವರ ಕತೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಸಿಹಿ ಹಂಚಿದೆವು. ಆಸ್ತಿ ಹಂಚಿದವರೆಷ್ಟು ಮಂದಿ?

ಪ್ರೇಮ ಕಾದಂಬರಿ ಬರೆಯುವವರಲ್ಲಿ ನಮ್ಮದೊಂದೇ ಬೇಡಿಕೆ. ಮೂವರು ಸಹೋದರಿಯರೂ ಇರಲಿ, ಪ್ರೇಮವೂ ಇರಲಿ. ಆದರೆ ಅವರಲ್ಲೊಬ್ಬಳು ಒಂದು ದಿನ ತನ್ನ ಪಾಲು ಕೇಳಲಿ. ಆಗ ಅಣ್ಣನ ಮುಖ ಹೇಗಾಗುತ್ತದೆ, ಪ್ರೀತಿಸಿದವನು ಏನೆನ್ನುತ್ತಾನೆ, ಉಳಿದಿಬ್ಬರು ಅವಳ ಬೆನ್ನಿಗೆ ನಿಲ್ಲುತ್ತಾರೋ ಇಲ್ಲವೋ ಬರೆಯಿರಿ. ಅವರ ಒಗ್ಗಟ್ಟು ಎಂಥದೆಂದು ಓದುವ ಹುಡುಗಿಗೆ ಆಗ ತಿಳಿಯುತ್ತದೆ. ಇನ್ನು ಹಿರಿಯರು, ಅವಳ ಕೈಯಿಂದ ಕಾದಂಬರಿ ಕಸಿದುಕೊಳ್ಳುವ ಮೊದಲು ಆ ಕೈಗೆ ಅವಳ ಹೆಸರಿರುವ ಪಹಣಿ ಕೊಡಲಿ.

ಫುಪ್ಪು ಈಗಿಲ್ಲ. ಅವರ ಪಾಲನ್ನು ಅವರ ಮಕ್ಕಳಿಗೆ ಹಿಂತಿರುಗಿಸುವ ಮಾತನ್ನು ನಾವು ಕಳೆದ ರಮಝಾನಿನಲ್ಲಿ ಮನೆಯಲ್ಲಿ ಎತ್ತಿದೆವು. ಅಂದಿನಿಂದ ಅಣ್ಣಂದಿರು ನಮ್ಮೊಡನೆ ಮಾತು ಬಿಟ್ಟಿದ್ದಾರೆ. ಮಾತನ್ನು ನಾವು ಕೈಬಿಟ್ಟಿಲ್ಲ.